ಧ್ರುವನತ್ತ ಬೆನ್ನು, ದಕ್ಷಿಣಕ್ಕೆ ಮುಖ

ಕ್ರಿಸ್‌ಮಸ್ ರಜೆಯ ಮಧ್ಯಾಹ್ನ. ಮಧುಗಿರಿಯ ನಮ್ಮ ಮನೆಯ ತಾರಸಿಯಲ್ಲಿ ಮೂರು ಬಿದಿರುಗಳನ್ನು ಮುಕ್ಕಾಲಿಯಂತೆ ಕಟ್ಟಿ, ನಡುವೆ ಗಾರೆಯವರ ತೂಗುಗುಂಡು ಇಳಿಬಿಟ್ಟಿದ್ದೆವು. ದಾರದ ನೆರಳು ನೆಲದ ಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಯುತ್ತಿತ್ತು. ನಾನು ಸೀಮೆಸುಣ್ಣ ಹಿಡಿದು ಮಂಡಿಯೂರಿದ್ದೆ. ಚಿಕ್ಕಪ್ಪ ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದರು. 12 ಗಂಟೆ 21 ನಿಮಿಷ ಆಯಿತು. "ಹಾಕಪ್ಪ ಗೆರೆ" ಎಂದರು. ಹಾಕಿದೆ. ಆ ಗೆರೆಯ ಒಂದು ತುದಿ ನಿಜವಾದ ಉತ್ತರ, ಇನ್ನೊಂದು ತುದಿ ನಿಜವಾದ ದಕ್ಷಿಣ.

ಗಡಿಯಾರ 12 ಹೊಡೆದಾಗ ನಮ್ಮೂರಿನಲ್ಲಿ ನಡುಮಧ್ಯಾಹ್ನ ಆಗಿರುವುದಿಲ್ಲ. ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಮಧುಗಿರಿ ಇರುವುದು 77.2ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ 21 ನಿಮಿಷ ತಡ. ಡಿಸೆಂಬರ್ 25ರ ಸುಮಾರಿಗೆ ಈ ಲೆಕ್ಕ ಸರಿಯಾಗಿ ಕೂಡುತ್ತದೆ. ಬೇರೆ ದಿನಗಳಲ್ಲಿ ಕಾಲು ಗಂಟೆಯವರೆಗೂ ಹಿಂದುಮುಂದಾಗುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಂತೂ ಈ ಉಪಾಯ ನಡೆಯುವುದೇ ಇಲ್ಲ, ಸೂರ್ಯ ನೆತ್ತಿಯ ಮೇಲೆ ಬಂದು ಕಂಬದ ನೆರಳು ಕಂಬದ ಬುಡಕ್ಕೇ ಬೀಳುತ್ತದೆ. ದಿಕ್ಸೂಚಿ ಸಾಲದೆ ಎಂದು ಕೇಳಿದವರಿದ್ದಾರೆ. ತಾರಸಿಯೊಳಗಿನ ಕಬ್ಬಿಣದ ಸರಳು, ಪಕ್ಕದ ಪೈಪು, ನಾವು ನೆಡಬೇಕೆಂದಿದ್ದ ಕಂಬ, ಎಲ್ಲವೂ ಅದರ ಮುಳ್ಳನ್ನು ತಮ್ಮತ್ತ ಎಳೆಯುತ್ತವೆ. ನೆರಳಿಗೆ ಆ ಕಾಟವಿಲ್ಲ.

ಇಷ್ಟೆಲ್ಲ ಏಕೆಂದರೆ, ನಾವು ನಿಲ್ಲಿಸಲು ಹೊರಟಿದ್ದು ತಿರುಗುವ ಡಿಶ್.

ತಿರುಗದ ಡಿಶ್ ಮನೆಯಲ್ಲಿ ಮೊದಲೇ ಇತ್ತು. ಎರಡಡಿಯ ಪುಟ್ಟ ಡಿಶ್, ದೂರದರ್ಶನದ ಫ್ರೀ ಡಿಶ್‌ನದು. 2004ರ ಡಿಸೆಂಬರ್ 16ರಂದು ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ 33 ವಾಹಿನಿಗಳೊಂದಿಗೆ ಶುರುವಾದ ಸೇವೆ ಅದು. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ, ಒಮ್ಮೆ ಡಿಶ್ ಮತ್ತು ಬಾಕ್ಸ್ ಕೊಂಡರೆ ಮುಗಿಯಿತು. ಈಗ ಅದು ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಮಧುಗಿರಿಯಿಂದ ನೋಡಿದರೆ ಆಗ್ನೇಯದ ಕಡೆ, ಸುಮಾರು 65 ಡಿಗ್ರಿ ಎತ್ತರದಲ್ಲಿ. ಕೊರಟಗೆರೆ, ಶಿರಾ, ಪಾವಗಡದ ಹಳ್ಳಿಗಳಲ್ಲಿ ತಿರುಗಾಡಿ ನೋಡಿ. ಹೆಂಚಿನ ಮನೆ, ಶೀಟಿನ ಮನೆ, ಹೊಲದ ನಡುವಿನ ಪಂಪ್‌ಸೆಟ್ ಕೋಣೆ, ಎಲ್ಲೆಲ್ಲೂ ಆ ಪುಟ್ಟ ಡಿಶ್‌ಗಳು ಒಂದೇ ಕಡೆ ಮುಖ ಮಾಡಿ ಕೂತಿರುತ್ತವೆ. ದಾರಿ ತಪ್ಪಿದವರು ಅವನ್ನು ನೋಡಿಯೇ ದಿಕ್ಕು ಹೇಳಬಹುದು.

ಆ ದಿಕ್ಕಿನಲ್ಲಿ ಇರುವುದು ಒಂದು ಮನೆ ಮಾತ್ರ. ಮೇಲೆ ಇಡೀ ಬೀದಿಯೇ ಇದೆ.

ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹವೊಂದನ್ನು ಬಿಟ್ಟರೆ ಅದು ಭೂಮಿಯ ಜೊತೆಜೊತೆಗೇ ಸುತ್ತಿ, ನಮಗೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಅಲ್ಲಿಂದ ಇಡೀ ಜಗತ್ತಿಗೆ ಪ್ರಸಾರ ಮಾಡಬಹುದೆಂದು ಆರ್ಥರ್ ಸಿ. ಕ್ಲಾರ್ಕ್ ಬರೆದಿದ್ದು 1945ರಲ್ಲಿ, ಆಗಿನ್ನೂ ಒಂದು ಉಪಗ್ರಹವೂ ಮೇಲೆ ಹೋಗಿರಲಿಲ್ಲ. ಈಗ ಆ ಎತ್ತರದಲ್ಲಿ ಎರಡೆರಡು ಮೂರುಮೂರು ಡಿಗ್ರಿಗೊಂದರಂತೆ ಉಪಗ್ರಹಗಳು. ನಮ್ಮ ಆಕಾಶದಲ್ಲಿ ಪಶ್ಚಿಮದಿಂದ ಬಂದರೆ 66ರಲ್ಲಿ ಇಂಟೆಲ್‌ಸ್ಯಾಟ್-17, 68.5ರಲ್ಲಿ ಇಂಟೆಲ್‌ಸ್ಯಾಟ್-20, 76.5ರಲ್ಲಿ ಆಪ್‌ಸ್ಟಾರ್-7, 83ರಲ್ಲಿ ನಮ್ಮ ಜಿಸ್ಯಾಟ್-30, 93.5ರಲ್ಲಿ ಜಿಸ್ಯಾಟ್-15 ಮತ್ತು 17, ಪೂರ್ವಕ್ಕೆ ಸರಿದರೆ 105.5ರಲ್ಲಿ ಏಷ್ಯಾಸ್ಯಾಟ್-7. ಅವುಗಳಲ್ಲಿ ದುಡ್ಡಿಗೆ ಬೀಗ ಹಾಕಿದ ವಾಹಿನಿಗಳೂ ಇವೆ, ಬೀಗವಿಲ್ಲದೆ ಬಯಲಿಗೆ ಸುರಿಯುವಂಥವೂ ಇವೆ. ಸುದ್ದಿ, ಭಕ್ತಿ, ಪಾಠ, ಹೊರದೇಶದ ವಾರ್ತೆ. ಸುರಿಯುತ್ತಿರುವುದು ನಮ್ಮ ತಾರಸಿಯ ಮೇಲೂ ಬೀಳುತ್ತಿದೆ, ಹಿಡಿಯುವ ಪಾತ್ರೆ ಮಾತ್ರ ಆ ಕಡೆ ತಿರುಗಬೇಕು.

ಹಾಗೆ ತಿರುಗಿಸುವ ಉಪಾಯ ಬಹಳ ಸರಳ. ಪಶ್ಚಿಮದಲ್ಲಿ ತಗ್ಗಾಗಿ ಶುರುವಾಗಿ, ದಕ್ಷಿಣದಲ್ಲಿ ಏರಿ, ಪೂರ್ವಕ್ಕೆ ಇಳಿಯುವ ಕಮಾನು ಅದು. ಮಧುಗಿರಿಯಲ್ಲಿ ಕಮಾನಿನ ನೆತ್ತಿ 74 ಡಿಗ್ರಿ ಎತ್ತರದಲ್ಲಿದೆ. ಡಿಶ್ ಕೂತಿರುವ ಅಚ್ಚನ್ನು ಭೂಮಿಯ ಅಚ್ಚಿಗೆ ಸಮಾನಾಂತರವಾಗಿ ನಿಲ್ಲಿಸಿದರೆ, ಒಂದೇ ಮೋಟರ್ ಒಂದೇ ಸುತ್ತಿನಲ್ಲಿ ಇಡೀ ಕಮಾನನ್ನು ಸವರಿಕೊಂಡು ಬರುತ್ತದೆ. ಮೇಲೆ ಕೆಳಗೆ ಆಡಿಸಲು ಬೇರೆ ಮೋಟರ್ ಬೇಡ. ಭೂಮಿಯ ಅಚ್ಚು ಎತ್ತ ನೋಡುತ್ತದೆ? ಧ್ರುವನತ್ತ. ನಮ್ಮ ಅಕ್ಷಾಂಶ 13.7 ಡಿಗ್ರಿ, ಆದ್ದರಿಂದ ಧ್ರುವ ನಕ್ಷತ್ರ ಉತ್ತರದ ಅಂಚಿನಿಂದ ಅಷ್ಟೇ ಎತ್ತರದಲ್ಲಿ ಕಾಣುತ್ತದೆ. ಕೈ ನೀಡಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿಗೂ ತುಸು ಕಡಿಮೆ. ಡಿಶ್‌ನ ಅಚ್ಚಿನ ಹಿಂತುದಿ ಅವನನ್ನು ನೋಡಬೇಕು, ಮುಖ ದಕ್ಷಿಣಕ್ಕಿರಬೇಕು. ಉಪಗ್ರಹಗಳು ನಕ್ಷತ್ರಗಳಷ್ಟು ದೂರವಿಲ್ಲದ್ದರಿಂದ ಡಿಶ್‌ನ ಬಟ್ಟಲನ್ನು ಅಚ್ಚಿನಿಂದ ಇನ್ನೊಂದು 2.4 ಡಿಗ್ರಿ ಮುಂದಕ್ಕೆ ಬಾಗಿಸಬೇಕು, ಅಷ್ಟೆ. ಪಾವಗಡಕ್ಕೆ ಹೋದರೆ ಅಕ್ಷಾಂಶ 14.1, ಅರ್ಧ ಡಿಗ್ರಿಯೂ ವ್ಯತ್ಯಾಸವಿಲ್ಲ. ಸಂಜೆ ಏಳರ ಮೇಲೆ ಚಿಕ್ಕಪ್ಪ ಅಚ್ಚಿನ ಪೈಪಿಗೆ ಕಣ್ಣಿಟ್ಟು ಧ್ರುವನನ್ನು ಹುಡುಕಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಮದುವೆಯಲ್ಲಿ ಅರುಂಧತಿ ತೋರಿಸುವ ನಮ್ಮ ಪುರೋಹಿತರು ಕೂಡ ಅಷ್ಟು ಶ್ರದ್ಧೆಯಿಂದ ನೋಡಿರಲಾರರು.

ಹಳ್ಳಿಯ ಮೇಲೆ ಆಕಾಶದಿಂದ ಟಿ.ವಿ. ಇಳಿಸುವ ಕೆಲಸ ಈ ದೇಶದಲ್ಲಿ ಶುರುವಾಗಿದ್ದೇ ಕನ್ನಡದ ಹಳ್ಳಿಗಳನ್ನೂ ಒಳಗೊಂಡು ಎಂಬುದನ್ನು ಇಲ್ಲಿ ನೆನೆಯಬೇಕು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ನಡೆದ 'ಸೈಟ್' ಪ್ರಯೋಗ ಅದು. ಅಮೆರಿಕದ ನಾಸಾದ ಎಟಿಎಸ್-6 ಉಪಗ್ರಹವನ್ನು ಬಳಸಿ ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ತಲುಪಿಸಿತು. ಕರ್ನಾಟಕದಲ್ಲಿ ಆಯ್ಕೆಯಾಗಿದ್ದು ಕಲಬುರಗಿ, ರಾಯಚೂರು, ವಿಜಯಪುರ ಸೀಮೆಯ ಹಳ್ಳಿಗಳು. ಹತ್ತಡಿಯ ಡಿಶ್, ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಬಳಸುವ ತಂತಿಜಾಲರಿ. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ, ಕನ್ನಡದಲ್ಲೇ ಕಾರ್ಯಕ್ರಮ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದಿದ್ದು 1981ರ ನವೆಂಬರ್ 1ರಂದು, ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ಆ ಹಳ್ಳಿಗಳ ಜನ ಟಿ.ವಿ. ನೋಡಿದ್ದರು. ವರ್ಷ ಮುಗಿದ ಮೇಲೆ ಉಪಗ್ರಹವನ್ನು ಬೇರೆ ಕಡೆಗೆ ಸರಿಸಲಾಯಿತು, ಪೆಟ್ಟಿಗೆಗಳು ಸುಮ್ಮನಾದವು. ಬೇರೆಯವರ ಉಪಗ್ರಹದ ಪಾಡು ಅದು. 1982ರಲ್ಲಿ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಶುರುವಾಯಿತು. ಇವತ್ತು ಜಿಸ್ಯಾಟ್‌ಗಳನ್ನು ಅವುಗಳ ಜಾಗದಿಂದ ಕದಲದಂತೆ ಹಿಡಿದು ನಿಲ್ಲಿಸಿರುವವರಲ್ಲಿ ಹಾಸನದವರು ಮುಖ್ಯರು. ನಮ್ಮ ಡಿಶ್ 36,000 ಕಿಲೋಮೀಟರ್ ಮೇಲೆ ನೋಡುತ್ತಿದ್ದರೂ, ಉಪಗ್ರಹವನ್ನು ಹಿಡಿದ ದಾರದ ಇನ್ನೊಂದು ತುದಿ ಶಿರಾದ ಬಸ್ಸು ಹತ್ತಿ ಹೋಗಬಹುದಾದಷ್ಟು ಹತ್ತಿರದ ಊರಿನಲ್ಲಿದೆ.

ಶಿರಾ ಎಂದೆನಲ್ಲ, ಈ ಕೆಲಸದಲ್ಲಿ ನಮ್ಮ ಗುರುಗಳು ಅಲ್ಲಿಯವರೇ. ಟಿ.ವಿ. ಮೆಕ್ಯಾನಿಕ್. ತೊಂಬತ್ತರ ದಶಕದಲ್ಲಿ ಕೇಬಲ್ ಎಳೆಯುವವರ ತಾರಸಿಗಳಲ್ಲಿ ಎಂಟಡಿ, ಹನ್ನೆರಡಡಿ ಡಿಶ್‌ಗಳನ್ನು ಎಬ್ಬಿಸಿದವರು. 1991ರಲ್ಲಿ ಏಷ್ಯಾಸ್ಯಾಟ್-1ರಿಂದ ಸ್ಟಾರ್, 1992ರಲ್ಲಿ ಝೀ, 1994ರಲ್ಲಿ ಕನ್ನಡಕ್ಕೆ ಉದಯ, ಹೀಗೆ ಒಂದೊಂದೂ ಬಂದಾಗ ಇನ್ನೊಂದು ಡಿಶ್ ಏಳುತ್ತಿತ್ತಂತೆ. ಆ ಡಿಶ್‌ಗಳಲ್ಲಿ ಎಷ್ಟೋ ಈಗ ಗುಜರಿಯಲ್ಲಿವೆ. ನಮ್ಮದೂ ಗುಜರಿಯಿಂದಲೇ ಬಂದದ್ದು, ಆರಡಿಯ ತಗಡಿನ ಡಿಶ್, ಅಂಚಿನಲ್ಲಿ ಒಂದು ಕಡೆ ನಗ್ಗಿತ್ತು. ಅವರು ಅದರ ಬಾಯಿಗೆ ಅಡ್ಡಡ್ಡ ಎರಡು ದಾರ ಬಿಗಿದು ಕಟ್ಟಿದರು. ದಾರಗಳು ನಡುವೆ ಒಂದಕ್ಕೊಂದು ತಾಕಿದರೆ ಡಿಶ್ ಸೊಟ್ಟವಾಗಿಲ್ಲ ಎಂದರ್ಥ. ಒಂದರ ಮೇಲೊಂದು ಬೆರಳಗಲ ಬಿಟ್ಟು ಹಾದವು. ಸುತ್ತಿಗೆ ಮುಟ್ಟದೆ, ಅಂಚನ್ನು ಮಂಡಿಗೆ ಒತ್ತಿಕೊಂಡು, ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತ ಅರ್ಧ ಗಂಟೆಯಲ್ಲಿ ದಾರಕ್ಕೆ ದಾರ ತಾಕಿಸಿದರು.

"ಮೊದ್ಲು ಕಂಬ ನೋಡ್ಕಳಪ್ಪ" ಎಂದು ಅವರು ಹತ್ತು ಸಲವಾದರೂ ಹೇಳಿರಬೇಕು. "ಕಂಬ ನೆಟ್ಗಿದ್ರೆ ಡಿಶ್ ತಾನೇ ಹುಡುಕ್ಕಂತೈತೆ. ಕಂಬ ಸೊಟ್ಗಿದ್ರೆ ನೀನು ಹುಡುಕ್ತಾನೇ ಇರ್ಬೇಕು."

ಐದಡಿ ಕಂಬದ ತುದಿ ಒಂದಿಂಚು ವಾಲಿದರೆ ಒಂದು ಡಿಗ್ರಿ ಹೋಯಿತು. ಅಷ್ಟು ದೂರದಲ್ಲಿ ಒಂದು ಡಿಗ್ರಿ ಎಂದರೆ 600 ಕಿಲೋಮೀಟರಿಗೂ ಹೆಚ್ಚು. ಆರಡಿಯ ಡಿಶ್‌ನ ನೋಟ, ಅದು ಹಿಡಿಯುವ ಸಿ-ಬ್ಯಾಂಡ್ ತರಂಗಗಳಲ್ಲಿ, ಸುಮಾರು ಮೂರು ಡಿಗ್ರಿ ಅಗಲ. ತಿರುಗದ ಡಿಶ್ ಆದರೆ ಕಂಬದ ಸೊಟ್ಟವನ್ನು ಬೋಲ್ಟಿನಲ್ಲಿ ಸರಿದೂಗಿಸಬಹುದು. ತಿರುಗುವ ಡಿಶ್ ಒಂದು ಉಪಗ್ರಹದಲ್ಲಿ ಸರಿಹೋದರೆ ಇನ್ನೊಂದರಲ್ಲಿ ತಪ್ಪುತ್ತದೆ. ಮೂರಿಂಚಿನ ಜಿಐ ಪೈಪು, ಬುಡಕ್ಕೆ ತಗಡು ಬೆಸೆದು ನಾಲ್ಕು ಬೋಲ್ಟು, ಸುತ್ತ ಕಾಂಕ್ರೀಟು. ಪೂರ್ವಕ್ಕೊಮ್ಮೆ ದಕ್ಷಿಣಕ್ಕೊಮ್ಮೆ ರಸಮಟ್ಟ ಇಟ್ಟು ನೋಡಿ, ಮೂರು ದಿನ ನೀರುಣಿಸಿ ಬಿಟ್ಟೆವು. ಕಂಬ ನಿಲ್ಲಿಸುವ ಮುಂಚೆ ಅಮ್ಮ ಬಂದು ಡಿಶ್‌ನ ನಟ್ಟನಡುವಿನ ಬೋಲ್ಟಿಗೆ ಅರಿಶಿನ ಕುಂಕುಮ ಹಚ್ಚಿ ಹೋಗಿದ್ದರು.

ತಿರುಗಿಸುವ ಸಾಧನಗಳಲ್ಲಿ ಎರಡು ಬಗೆ. ಮೂರಡಿಯವರೆಗಿನ, ಕೆಯು-ಬ್ಯಾಂಡ್ ತರಂಗ ಹಿಡಿಯುವ ಡಿಶ್‌ಗಾದರೆ ಕಂಬಕ್ಕೇ ಕೂರುವ ಪುಟ್ಟ ಮೋಟರ್. ಸಿಗ್ನಲ್ ತರುವ ವೈರಿನಲ್ಲೇ ಅದಕ್ಕೆ ಕರೆಂಟೂ ಅಪ್ಪಣೆಯೂ ಹೋಗುತ್ತವೆ. ರಿಸೀವರಿಗೆ ನಮ್ಮೂರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ಯಾವ ಉಪಗ್ರಹಕ್ಕೆ ಎಷ್ಟು ತಿರುಗಬೇಕೆಂದು ತಾನೇ ಲೆಕ್ಕ ಹಾಕುತ್ತದೆ. 77.2ಕ್ಕೂ 93.5ಕ್ಕೂ ನಡುವೆ 16.3 ಡಿಗ್ರಿ ಇದ್ದರೂ ಮೋಟರ್ ತಿರುಗಬೇಕಾದ್ದು 19 ಡಿಗ್ರಿ, ನಾವು ಭೂಮಿಯ ನಡುವಿನಲ್ಲಿಲ್ಲ, ಅದರ ಬೆನ್ನಿನ ಮೇಲೆ ಉಪಗ್ರಹಗಳಿಗೆ ಹತ್ತಿರದಲ್ಲಿದ್ದೇವೆ ಎಂಬ ಕಾರಣಕ್ಕೆ. ಆದರೆ ಈ ಮೋಟರ್‌ಗಳಲ್ಲಿ ಹಲವು ಯುರೋಪಿನಂಥ ಉತ್ತರದ ನಾಡುಗಳಿಗೆಂದು ಮಾಡಿದವು. ಅವುಗಳ ಮೇಲೆ ಕೊರೆದ ಅಂಕಿ ನಮ್ಮಷ್ಟು ಕೆಳಗಿನ ಅಕ್ಷಾಂಶಕ್ಕೆ ಇಳಿಯುವುದೇ ಇಲ್ಲ. ಕೊಳ್ಳುವ ಮುನ್ನ ನೋಡಿಕೊಳ್ಳಬೇಕು.

ನಮ್ಮ ಆರಡಿ ಡಿಶ್‌ಗೆ ಬೇಕಾದ್ದು ಆ್ಯಕ್ಚುಯೇಟರ್, 36 ವೋಲ್ಟಿನ ಮೋಟರಿನಿಂದ ಉದ್ದವಾಗುತ್ತ ಗಿಡ್ಡವಾಗುತ್ತ ಹೋಗುವ ಕೊಳವೆ. ಒಂದು ತುದಿ ಕಂಬದ ಕಡೆ, ಇನ್ನೊಂದು ತುದಿ ಡಿಶ್‌ನ ಬೆನ್ನಿಗೆ. ಒಳಗೆ ಅಯಸ್ಕಾಂತ ಸುತ್ತಿದಂತೆಲ್ಲ ಪುಟ್ಟ ಸ್ವಿಚ್ಚೊಂದು ಟಿಕ್ ಟಿಕ್ ಎಂದು ಎಣಿಕೆ ಕಳಿಸುತ್ತದೆ. ಕೋಣೆಯಲ್ಲಿರುವ ಪೊಸಿಷನರ್ ಆ ಎಣಿಕೆಯನ್ನೇ ನೆನಪಿಟ್ಟುಕೊಂಡು ಡಿಶ್‌ನ್ನು ಕರೆದೊಯ್ದು ನಿಲ್ಲಿಸುತ್ತದೆ. ಎಣಿಕೆ ತಪ್ಪಿದರೆ ಡಿಶ್‌ಗೆ ದಾರಿ ಮರೆತಂತೆ. ಅದಕ್ಕೇ ಎಣಿಕೆಯ ವೈರು ತಂತಿಹೊದಿಕೆ ಇರುವಂಥದ್ದೇ ಆಗಬೇಕು, ಮೋಟರಿನ ಕಡೆ ಬಾಯಿ ಕೆಳಗಿರಬೇಕು, ಅಲ್ಲಿ ನೀರಿಳಿಯುವ ತೂತು ಮುಚ್ಚಿರಬಾರದು. ಇವು ಪುಸ್ತಕದಲ್ಲಿ ಓದಿದ್ದಲ್ಲ, ಶಿರಾದ ಮೆಕ್ಯಾನಿಕ್ ಅಣ್ಣ ಒಂದೊಂದಾಗಿ ಕೈ ಹಿಡಿದು ತೋರಿಸಿದ್ದು.

ನೀರಿನ ಮಾತು ಬಂತು. ಉತ್ತರ ದೇಶಗಳಲ್ಲಿ ಡಿಶ್ ಗೋಡೆಯಂತೆ ನಿಂತಿರುತ್ತದೆ. ಇಲ್ಲಿ ಅದು ಆಕಾಶ ನೋಡುತ್ತ ಹೆಚ್ಚುಕಡಿಮೆ ಮಲಗಿರುತ್ತದೆ, ಊಟದ ತಟ್ಟೆಯ ಹಾಗೆ. ಮಳೆ ಬಂದರೆ ನೀರು ನಿಲ್ಲುತ್ತದೆ, ಹುಣಸೆ ಎಲೆ ಬಿದ್ದು ಕೊಳೆಯುತ್ತದೆ. ಒಂದು ಚೊಂಬು ನೀರು ಸುರಿದು, ಅದು ನಿಂತ ಜಾಗ ನೋಡಿ, ನಡುವಿನಿಂದ ಒಂದೂವರೆ ಗೇಣು ದಕ್ಷಿಣಕ್ಕೆ ಎರಡು ಸಣ್ಣ ತೂತು ಕೊರೆದೆವು.

ಹೊಂದಿಸಿದ್ದು ಒಂದು ಇಡೀ ಸಂಜೆ. ಮೊದಲು ಅಚ್ಚನ್ನು ಸೀಮೆಸುಣ್ಣದ ಗೆರೆಯ ಮೇಲೆ ನಿಲ್ಲಿಸಿ, ಡಿಶ್‌ನ್ನು ಕಮಾನಿನ ನೆತ್ತಿಗೆ ತಂದೆವು. ನಮ್ಮೂರಿಗೆ ಆಪ್‌ಸ್ಟಾರ್-7 ಹೆಚ್ಚುಕಡಿಮೆ ನೇರ ದಕ್ಷಿಣ, ಅದು ಸಿಕ್ಕಿತು. ಅಲ್ಲಿಂದ ಪೂರ್ವದ ತುದಿಗೆ. 105.5ರಲ್ಲಿ ಸಿಗ್ನಲ್ ಇದೆ, ಆದರೆ ಬಡಕಲು. ಅಣ್ಣ ಡಿಶ್‌ನ ಅಂಚಿಗೆ ಕೈಕೊಟ್ಟು ತುಸು ಎತ್ತಿದರು. ಮೀಟರ್ ಏರಿತು. ಪಶ್ಚಿಮದ ತುದಿಗೆ ಒಯ್ದು ಎತ್ತಿದರು. ಇಳಿಯಿತು. ಕೆಳಗೆ ಒತ್ತಿದರೆ ಏರಿತು. ಒಂದು ತುದಿಯಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಬೇಡಿದರೆ ದಕ್ಷಿಣ ತಪ್ಪಿದೆ ಎಂದು ಲೆಕ್ಕ, ಎರಡೂ ತುದಿಯಲ್ಲಿ ಒಂದೇ ಕಡೆಗೆ ಬೇಡಿದರೆ ಅಚ್ಚಿನ ಬಾಗು ತಪ್ಪಿದೆ ಎಂದು. ಕಂಬದ ಸುತ್ತ ಇಡೀ ಚೌಕಟ್ಟನ್ನು ಒಂದು ನೂಲಿನಷ್ಟು ಸರಿಸಿದರು. ಮತ್ತೆ ಪೂರ್ವ, ಮತ್ತೆ ಪಶ್ಚಿಮ. ನಾಲ್ಕನೇ ಸಲಕ್ಕೆ ಎತ್ತಿದರೂ ಒತ್ತಿದರೂ ಮೀಟರ್ ಇಳಿಯಿತು. ಎಲ್ಲ ಬೋಲ್ಟುಗಳನ್ನೂ ಬಿಗಿದು, ಬಣ್ಣದಿಂದ ಗುರುತು ಹಾಕಿಟ್ಟೆವು.

ಒಂದೇ ಒಂದು ಕಾಟ ಉಳಿದಿತ್ತು. ಕೆಲವು ಉಪಗ್ರಹಗಳಲ್ಲಿ ಚಿತ್ರ ಕಾರಣವಿಲ್ಲದೆ ಒಡೆಯುತ್ತಿತ್ತು. 2022ರ ಅಕ್ಟೋಬರಿನಲ್ಲಿ ದೇಶಕ್ಕೆ 5ಜಿ ಬಂತಲ್ಲ, ಅದು ಬಳಸುವ 3.3ರಿಂದ 3.67 ಗಿಗಾಹರ್ಟ್ಸ್ ಸಿ-ಬ್ಯಾಂಡಿನ ನೆರೆಮನೆ. ಡಿಶ್‌ನ ಮುಂದೆ ನಿಂತು ಸಿಗ್ನಲ್ ಹಿಡಿಯುವ ಹಳೆಯ ಎಲ್‌ಎನ್‌ಬಿಗಳು 3.4ರಿಂದಲೇ ಕಿವಿಗೊಡುವಂಥವು, ಪಕ್ಕದ ಟವರಿನ ಗದ್ದಲಕ್ಕೆ ಅವು ಕಂಗೆಡುತ್ತವೆ. 3.7ರಿಂದ ಮೇಲಿನದನ್ನಷ್ಟೇ ಒಳಗೆ ಬಿಡುವ ಫಿಲ್ಟರಿನ ಎಲ್‌ಎನ್‌ಬಿ ಹಾಕಿದ ಮೇಲೆ ಸರಿಹೋಯಿತು.

ಮೊಬೈಲಿನಲ್ಲೇ ಎಲ್ಲ ಸಿಗುವ ಕಾಲದಲ್ಲಿ ಇದೆಲ್ಲ ಯಾರಿಗೆ ಬೇಕು ಎಂದು ಕೇಳುವವರು ನಮ್ಮ ಸೋದರತ್ತೆಯನ್ನು ನೋಡಬೇಕು. ಪಾವಗಡದ ಕಡೆಯವರು. ಮೂರು ಕಡೆ ಆಂಧ್ರ ಸುತ್ತಿರುವ ತಾಲ್ಲೂಕು ಅದು. ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಗಡಿಯಾಚೆಯ ಮಡಕಶಿರಾದಲ್ಲಿ ಇದೇ ಕತೆ ತಿರುಗುಮುರುಗು, ಆಂಧ್ರದೊಳಗೆ ಕನ್ನಡದ ಮನೆಗಳು, ಅವರಿಗೆ ದೂರದರ್ಶನದ ಕನ್ನಡ ವಾಹಿನಿ ಚಂದನ ಬೇಕು. ಶಿರಾದ ಹಳೇ ಕೇರಿಗಳಲ್ಲಿ ಉರ್ದು ವಾರ್ತೆ ಕೇಳುವ ಅಜ್ಜಂದಿರಿದ್ದಾರೆ. ಫ್ರೀ ಡಿಶ್‌ನಲ್ಲಿ ಚಂದನ, ತೆಲುಗಿನ ಸಪ್ತಗಿರಿ, ಡಿಡಿ ಉರ್ದು ಇವೆ ನಿಜ. ಆದರೆ ಅಲ್ಲಿ ಖಾಸಗಿ ವಾಹಿನಿಗಳಿಗೆ ಜಾಗ ಸಿಗುವುದು ಹರಾಜಿನಲ್ಲಿ. ಕೊಂಡವರಲ್ಲಿ ಬಹುಪಾಲು ಹಿಂದಿಯವರು. ದುಡ್ಡು ಕೊಡದೆ ನೋಡಬೇಕಾದ ಕನ್ನಡದ ಮನೆಗೆ ಅಲ್ಲಿ ಬಡಿಸಿದ್ದು ಕಡಿಮೆ, ಇದು ನನಗೆ ಬಹಳ ನೋವಿನ ಸಂಗತಿ. ದೇಶದ ಹಣದಲ್ಲಿ ನಡೆಯುವ ಪಂಕ್ತಿಯಲ್ಲಿ ಎಲ್ಲ ಭಾಷೆಯ ಎಲೆಗೂ ಸಮನಾಗಿ ಬೀಳಬೇಕು.

ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಕೊರೊನಾ ಕಾಲದಲ್ಲಿ, 2020ರ ಜುಲೈನಿಂದ, ಚಂದನದಲ್ಲಿ 'ಸಂವೇದ' ಪಾಠಗಳು ಬಂದಾಗ ಬೆಟ್ಟದ ಬುಡದ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲದ ಮಕ್ಕಳು ಕೂತಿದ್ದು ಈ ಎರಡಡಿಯ ಡಿಶ್‌ಗಳ ಕೆಳಗೆ. 2017ರಿಂದ ಜಿಸ್ಯಾಟ್-15ರಲ್ಲಿ ಸ್ವಯಂಪ್ರಭಾ ಪಾಠದ ವಾಹಿನಿಗಳೂ ಇವೆ. ಹೈಸ್ಕೂಲಿಗೊಂದು ತಿರುಗುವ ಡಿಶ್ ನಿಲ್ಲಿಸಿದರೆ ಭೂಗೋಳ, ತ್ರಿಕೋನಮಿತಿ, ಭೌತಶಾಸ್ತ್ರ ಮೂರನ್ನೂ ತಾರಸಿಯಲ್ಲೇ ಕಲಿಸಬಹುದು. ಸೈನು, ಟ್ಯಾನು ಏಕೆ ಬೇಕೆಂದು ನನಗೆ ಅರ್ಥವಾಗಿದ್ದು ಹತ್ತನೇ ತರಗತಿಯಲ್ಲಲ್ಲ, ಈ ಕಂಬದ ಬುಡದಲ್ಲಿ.

ಅತ್ತೆ ಸಂಕ್ರಾಂತಿಗೆ ಬಂದಿದ್ದರು. ಮೆಟ್ಟಿಲ ಕೆಳಗಿನಿಂದಲೇ "ಬೊಮ್ಮ ವಚ್ಚಿಂದಾ?" ಎಂದು ಕೂಗಿದರು, ಚಿತ್ರ ಬಂತಾ ಎಂದು. ತಿರುಪತಿಯ ಎಸ್‌ವಿಬಿಸಿ ಬೇಕಿತ್ತು ಅವರಿಗೆ, ತೆಲುಗಿನದು. 2008ರಿಂದ ಇರುವ ವಾಹಿನಿ ಅದು, ಅಮ್ಮ ನೋಡುವುದು 2021ರಲ್ಲಿ ಬಂದ ಅದರ ಕನ್ನಡದ್ದನ್ನು. ರಿಮೋಟ್ ಒತ್ತಿದೆ. ತಾರಸಿಯ ಮೇಲೆ ಆ್ಯಕ್ಚುಯೇಟರ್ ಗುಂಯ್ ಎಂದಿತು. ಪರದೆ ಕಪ್ಪಾಗಿ, ಮೀಟರಿನ ಗೆರೆ ಏರಿ ಇಳಿದು ಏರಿ, ಕಲ್ಯಾಣೋತ್ಸವದ ಚಿತ್ರ ಬಂತು. ಅತ್ತೆ ಕೈ ಮುಗಿದರು. ಆ ಇಡೀ ತಿಂಗಳು ಮನೆಯ ಮಕ್ಕಳು ಗುಂಯ್ ಶಬ್ದ ಕೇಳಿದ ಕೂಡಲೇ ಡಿಶ್ ತಿರುಗುವುದನ್ನು ನೋಡಲು ಮೇಲಕ್ಕೆ ಓಡುತ್ತಿದ್ದರು. ಫೆಬ್ರವರಿಯಲ್ಲಿ ಬೆಟ್ಟದ ಕೋತಿಗಳೂ ಬಂದು ಎಣಿಕೆಯ ವೈರನ್ನು ಕಿತ್ತು ಹೋದವು. ವೈರನ್ನು ಪೈಪಿನೊಳಗೆ ಹಾಯಿಸಿ, ಡಿಶ್‌ಗೆ ಮತ್ತೆ ದಾರಿ ಕಲಿಸಬೇಕಾಯಿತು.

ಮಾರ್ಚ್ ನಡುವಿನ ಒಂದು ಬೆಳಗ್ಗೆ ಹನ್ನೊಂದು ದಾಟಿತ್ತು. ಡಿಶ್ 93.5ರಲ್ಲಿ ನಿಂತಿತ್ತು. ಟಿ.ವಿ. ಚಿತ್ರ ಚೌಕಚೌಕವಾಗಿ ಒಡೆದು ನಿಂತೇ ಹೋಯಿತು. ಎರಡಡಿಯ ಡಿಶ್‌ನದೂ ಹಾಗೇ. ಮತ್ತೆ ಕೋತಿಯೋ ಎಂದು ಕೋಲು ಹಿಡಿದು ಮೇಲೆ ಹೋದೆ. ಒಂದು ಕಾಗೆಯೂ ಇರಲಿಲ್ಲ. ವರ್ಷಕ್ಕೆರಡು ಸಲ, ಮಾರ್ಚ್ ನಡುವೆ ಮತ್ತು ಸೆಪ್ಟೆಂಬರ್ ಕೊನೆಗೆ, ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆಯೇ ಹಾದುಹೋಗುತ್ತಾನೆ, ಅವನ ಗದ್ದಲದಲ್ಲಿ ಹತ್ತು ನಿಮಿಷದಷ್ಟು ಹೊತ್ತು ಉಪಗ್ರಹದ ದನಿ ಕೇಳುವುದಿಲ್ಲ ಎಂದು ಅಣ್ಣ ಹೇಳಿದ್ದು ಆಗ ನೆನಪಾಯಿತು. ಬಿಸಿಲಿಗೆ ಡಿಶ್‌ನ ತಗಡು ಬೆಳಗುತ್ತಿತ್ತು. ಮೂರು ಕಾಲುಗಳ ಮೇಲೆ ನಿಂತ ಎಲ್‌ಎನ್‌ಬಿಯ ದುಂಡು ನೆರಳು ಒಳಗೆ ನಿಧಾನವಾಗಿ ಸರಿಯುತ್ತ ಬಂದು, ಅಮ್ಮ ಹಚ್ಚಿದ ಕುಂಕುಮವನ್ನು ಪೂರ್ತಿ ಮುಚ್ಚಿ ನಿಂತಿತು. ಚಿಕ್ಕಪ್ಪನನ್ನು ಕೂಗಿದೆ. ಅವರು ಬಂದು ನೋಡುವಷ್ಟರಲ್ಲಿ ಕುಂಕುಮದ ಪಶ್ಚಿಮದ ಅಂಚು ಮತ್ತೆ ಬಿಸಿಲಿಗೆ ಬಂದಿತ್ತು, ಕೆಳಗೆ ಚಂದನದ ದನಿ ಶುರುವಾಗಿತ್ತು.